ನೀವು ಬರ್ತೀರೋ, ನಾನು ಬರ್ಲೋ

ಜೂನ್ 4

ಪ್ರೀತಿಯ ಉದ್ದಕ್ಕ,

ನೀನು ಹೋದ ಮೇಲೆ ಲಾಂಡ್ರಿಯಲ್ಲಿ ಸದ್ದೇ ಇಲ್ಲ. ಯಂತ್ರಗಳು ಗಡಗಡ ಅನ್ನುತ್ತಲೇ ಇವೆ ಬಿಡು, ಆದರೆ ನಿನ್ನ ಗಂಟಲಿನ ಮುಂದೆ ಅವೇನು ಮಹಾ! ನಿನ್ನೆ ಇಸ್ತ್ರಿ ತಾತ ಪೆಟ್ಟಿಗೆ ಕೆಳಗಿಟ್ಟು, "ಆ ಉದ್ದದವಳು ಹೋದ್ಮೇಲೆ ನನ್ನ ಕಿವಿ ವಾಸಿಯಾಯ್ತು. ಆದ್ರೆ ಯಾಕೋ ಕೆಲ್ಸ ಸಾಗ್ತಿಲ್ಲ" ಅಂದ.

ನೀನು ಫೋನ್ ಮಾಡಿದಾಗ ಬರೀ "ಹೂಂ, ಹೂಂ" ಅಂದು ಇಟ್ಟುಬಿಟ್ಟೆ, ಕೋಪ ಮಾಡಿಕೊಳ್ಳಬೇಡ. ಎದುರಿಗೆ ಮುಖ ಇದ್ದರೇ ನನ್ನ ಮಾತು ಗಂಟಲಲ್ಲಿ ನಿಲ್ಲುತ್ತದೆ. ಮುಖವೇ ಇಲ್ಲದ ಫೋನಿನಲ್ಲಿ ಏನು ಹೇಳಲಿ? ಕಾಗದದಲ್ಲಾದರೆ ನಾನೂ ವಾಚಾಳಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೋ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಜಾಗಕ್ಕೆ ಒಬ್ಬಳು ಬಂದಿದ್ದಾಳೆ. ಹಳಿಯಾಚೆಯವಳು. ಹೌದು, ನೀನು ಸರಿಯಾಗಿಯೇ ಓದಿದೆ. ರೈಲು ಹಳಿಯ ಆಚೆಯ ಬೀದಿಗಳಿಂದ ನಮ್ಮ ಲಾಂಡ್ರಿಗೆ ಇದುವರೆಗೆ ಯಾರೂ ಬಂದಿರಲಿಲ್ಲ. ಅವಳು ಒಳಗೆ ಕಾಲಿಟ್ಟ ದಿನ ಎಲ್ಲರೂ ತಮ್ಮ ತಮ್ಮ ಕೈಚೀಲ ಹತ್ತಿರಕ್ಕೆ ಎಳೆದುಕೊಂಡರು. ನಾನೂ ಎಳೆದುಕೊಂಡೆ. ಅದರಲ್ಲಿದ್ದದ್ದು ಬಾಚಣಿಗೆ ಮತ್ತು ಊಟದ ಡಬ್ಬಿ.

ಸೂಪರ್‌ವೈಸರ್ ಅವಳನ್ನು ನನಗೇ ಜೋಡಿ ಹಾಕಿದ. "ನೀನೇ ಜಗಳ ಆಡದೋಳು" ಅಂದ. ಜಗಳ ಆಡುವುದಕ್ಕೂ ಬಾಯಿ ಬೇಕಲ್ಲ!

ನಾವು ಮಡಿಸುತ್ತಿದ್ದುದು ನೆನಪಿದೆಯಾ? ಬೆಡ್‌ಶೀಟ್ ಎಳೆದು, ಒದರಿ, ಅರ್ಧ ಮಾಡಿ, ಆಮೇಲೆ ನೀನು "ಬಾ" ಅಂದರೆ ನಾನು ನಡೆದು ಬಂದು ನನ್ನ ತುದಿಗಳನ್ನು ನಿನ್ನ ಬೆರಳಿಗೆ ಸಿಕ್ಕಿಸಿ, ಬಗ್ಗಿ ಕೆಳಗಿನ ಮಡಿಕೆ ಎತ್ತುತ್ತಿದ್ದೆ. ಗಿಡ್ಡವಳು ನಡೆಯಬೇಕು, ಉದ್ದವಳು ನಿಲ್ಲಬೇಕು. ಇವಳೋ ನನ್ನಷ್ಟೇ ಎತ್ತರ. ಅರ್ಧ ಮಾಡಿದ ಮೇಲೆ ತನ್ನ ತುದಿಗಳನ್ನು ಮೇಜಿನ ಮೇಲೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ನಾನು ಹೋಗಿ ಮೇಜಿನಿಂದ ಎತ್ತಿಕೊಳ್ಳಬೇಕು! ಅಷ್ಟರಲ್ಲಿ ಬಟ್ಟೆ ಜಾರಿ ನೆಲಕ್ಕೆ ಬೀಳುತ್ತದೆ, ಮತ್ತೆ ಒಗೆಯಲು ಹೋಗುತ್ತದೆ. ಅದೂ ಸಾಲದು ಅಂತ, ಪ್ರತಿ ಸಲ ಬಟ್ಟೆ ಮುಟ್ಟುವ ಮೊದಲು ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತಾಳೆ. ನಾವು ಮುಟ್ಟಿದ್ದು ಅವಳಿಗೆ ಕೊಳಕೇನೋ! ಹಳಿಯಾಚೆಯವಳಿಗೆ ಇಷ್ಟು ಗತ್ತು ಎಲ್ಲಿಂದ ಬಂತು ಅಂತ ನನಗೆ ಆಶ್ಚರ್ಯ.

ಇನ್ನೊಂದು ಮಾತು. ಹೇಳಲೋ ಬೇಡವೋ ಗೊತ್ತಿಲ್ಲ. ನೀರಿನ ಡ್ರಮ್ಮಿನ ಮೇಲೆ ಲೋಟ ನೇತುಹಾಕುವ ಮೊಳೆಗಳಿವೆಯಲ್ಲ, ನಿನ್ನ ಮೊಳೆ ಖಾಲಿ ಇತ್ತು. ಅವಳು ತನ್ನ ಲೋಟ ಅಲ್ಲಿ ಹಾಕಿದ್ದಾಳೆ.

ನಿನ್ನ
ಪಿಸು

*

ಜೂನ್ 15

ಏ ಪಿಸು,

ನನ್ನ ಮೊಳೆ! ನಾನೇ ತಾತನ ಸುತ್ತಿಗೆ ಕದ್ದು ಹೊಡೆದ ಮೊಳೆ ಕಣೇ ಅದು! ನೀನು ನೋಡಿಕೊಂಡು ಸುಮ್ಮನಿದ್ದೆಯಾ? ತೆಗಿ ಅನ್ನಲು ಎಷ್ಟು ಹೊತ್ತು ಬೇಕು?

ನಾನು ಇಲ್ಲಿ ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ ನಿನಗೆ ಊಹಿಸಲೂ ಆಗದಷ್ಟು. ಯಜಮಾನರಿಗೆ ಬಂದರಿನಲ್ಲಿ ಕ್ರೇನ್ ಕೆಲಸ ಗಟ್ಟಿಯಾಯಿತು. ಆರನೇ ಮಹಡಿಯ ಮನೆ, ಕಿಟಕಿ ತೆಗೆದರೆ ಬರೀ ಆಕಾಶ. ನನಗೆ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ ಮಡಿಸುವುದಕ್ಕೂ ಯಂತ್ರ ಇದೆ, ಗೊತ್ತಾ? ಒಂದು ಕಡೆಯಿಂದ ತುರುಕಿದರೆ ಇನ್ನೊಂದು ಕಡೆ ಪುಸ್ತಕದ ಹಾಗೆ ಹೊರಬರುತ್ತದೆ. ಯಾರ ಕೈಗೂ ಕಾಯಬೇಕಾಗಿಲ್ಲ. ಲೋಟ ಇಡಲು ಬೀಗ ಇರುವ ಕಪಾಟು. ಊಟಕ್ಕೆ ನಾನು ಕಿಟಕಿ ಪಕ್ಕ ಒಬ್ಬಳೇ ಕೂರುತ್ತೇನೆ, ಅಲ್ಲಿ ಗಾಳಿ ಚೆನ್ನಾಗಿದೆ. ಜನ ಬಹಳ ಮರ್ಯಾದೆಯವರು, ಅನಗತ್ಯವಾಗಿ ಮಾತಾಡುವುದಿಲ್ಲ.

ನಿನ್ನ ಆ ಹೊಸಬಳ ವಿಷಯ. ಹಳಿಯಾಚೆಯವರನ್ನು ಒಳಗೆ ಬಿಟ್ಟರೆ ಹೀಗೇ. ಮೊದಲು ಮೊಳೆ, ಆಮೇಲೆ ಮೇಜು, ಆಮೇಲೆ ನಿನ್ನ ಕೆಲಸ. ಸೂಪರ್‌ವೈಸರ್ ಹತ್ತಿರ ಹೋಗಿ ನೇರವಾಗಿ ಹೇಳು, ನನಗೆ ಇವಳ ಜೊತೆ ಆಗುವುದಿಲ್ಲ ಅಂತ. ನಾನಿದ್ದಿದ್ದರೆ ನಾನೇ ಹೇಳುತ್ತಿದ್ದೆ.

ಸರಿಯಾಗಿ ತಿನ್ನು. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದೀಯ.

ಉದ್ದಕ್ಕ

*

ಜೂನ್ 22

ಉದ್ದಕ್ಕ,

ಊಟದ ಹೊತ್ತಿನಲ್ಲಿ, ಒಣ ಬಟ್ಟೆಯ ಗಾಡಿಯ ಹಿಂದೆ ಕೂತು ಬರೆಯುತ್ತಿದ್ದೇನೆ. ನಿನ್ನ ಆಕಾಶದ ಕಿಟಕಿಯ ಬಗ್ಗೆ ಎಲ್ಲರಿಗೂ ಓದಿ ಹೇಳಿದೆ. ಓದಿದ್ದು ತಾತ, ನಾನು ಪಕ್ಕದಲ್ಲಿ ನಿಂತಿದ್ದೆ.

ಇಲ್ಲಿ ದಿನದಿನಕ್ಕೂ ಬಿಗಿಯಾಗುತ್ತಿದೆ. ಮೊನ್ನೆ ಬಟ್ಟೆ ಜಾರುತ್ತಿತ್ತು. ನಾನು ಹಿಡಿಯಲು ಹೋಗಿ ಬಟ್ಟೆಯ ಜೊತೆ ಅವಳ ಕೈಯನ್ನೂ ಹಿಡಿದುಬಿಟ್ಟೆ. ಬೆಂಕಿ ತಾಗಿದ ಹಾಗೆ ಕೈ ಕಿತ್ತುಕೊಂಡಳು! ಆಮೇಲೆ ಸುತ್ತ ನೋಡಿದಳು, ಯಾರಾದರೂ ನೋಡಿದರೇನೋ ಅನ್ನುವಂತೆ. ಪಕ್ಕದ ಮೇಜಿನವರು ನೋಡಿದ್ದರು, ನಕ್ಕರು. ಒಬ್ಬಳು ಕೂಗಿ ಹೇಳಿದಳು, "ಪಿಸು, ಸೋಪು ಬೇಕಾ?" ಅವಳಿಗೂ ಕೇಳಿಸಿತು.

ಸಂಜೆಗೆ ಸೂಪರ್‌ವೈಸರ್ ನನ್ನನ್ನು ಕರೆದ. "ನಿಮ್ಮ ಮೇಜಿನ ಮೇಲೆ ಯಾಕೆ ಬೆಟ್ಟ ಬೆಳೀತಿದೆ? ತಪ್ಪು ಅವಳದ್ದೋ ನಿಂದೋ?"

ನಾನು ನೆಲ ನೋಡಿದೆ.

"ಬಾಯಿ ಮನೇಲಿಟ್ಟು ಬಂದಿದ್ದೀಯಾ? ನೋಡು, ಹೊಸ ತಿಂಗಳ ಪಾಳಿ ಹಾಕೋದ್ರೊಳಗೆ ಹೇಳು. ಅವಳಿನ್ನೂ ಕಾಯಂ ಆಗಿಲ್ಲ. ನೀನು ಬೇಡ ಅಂದ್ರೆ ಕೊಳೆ ಕೋಣೆಗೆ ಹಾಕ್ತೀನಿ. ಅಲ್ಲೂ ಬೇಡ ಅಂದ್ರೆ ಮನೆಗೆ ಕಳಿಸ್ತೀನಿ. ನನಗೆ ಮಡಿಸಿದ ಬಟ್ಟೆ ಬೇಕು, ಅಷ್ಟೇ."

ಕೊಳೆ ಕೋಣೆ ಏನೆಂದು ನಿನಗೆ ಹೇಳಬೇಕಾ? ಆಸ್ಪತ್ರೆಯ ಮೂಟೆಗಳನ್ನು ಬಿಚ್ಚುವ ಜಾಗ. ನಾವಿಬ್ಬರೂ ಮೂಗು ಮುಚ್ಚಿಕೊಂಡು ಅದರ ಬಾಗಿಲು ದಾಟುತ್ತಿದ್ದೆವು. ನನ್ನ ಒಂದು ಮಾತಿನಿಂದ ಒಬ್ಬಳು ಅಲ್ಲಿಗೆ ಹೋಗುತ್ತಾಳೆ ಅಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವಳಿಗೆ ಒಬ್ಬ ತಂಗಿ ಇದ್ದಾಳೆ ಅನ್ನಿಸುತ್ತದೆ, ಸಂಜೆ ಗೇಟಿನ ಹತ್ತಿರ ಕಾಯುತ್ತಾಳೆ. ಇಬ್ಬರೂ ಏನೋ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಾ ಹೋಗುತ್ತಾರೆ. ಒಳಗೆ ಇಡೀ ದಿನ ತುಟಿ ಬಿಚ್ಚದವಳು!

ನೀನು ಹೇಳು ಅಂದಿದ್ದೀಯ. ಇನ್ನೊಂದು ಸಲ ಯೋಚಿಸಿ ಹೇಳು. ಅವಳು ತುದಿಗಳನ್ನು ಮೇಜಿನ ಮೇಲೆ ಇಡುವ ವಿಷಯ ನಿನಗೆ ಏನನ್ನಿಸುತ್ತದೆ? ನೀನು ನನಗಿಂತ ಜನ ಕಂಡವಳು.

ಪಿಸು

*

ಜೂನ್ 27

ಪಿಸು,

ಯೋಚಿಸುವುದಕ್ಕೆ ಏನಿದೆ? ಹೇಳು, ಮುಗಿಸು. ಅವಳಿಗೆ ನಿನ್ನ ಕೈ ಮುಟ್ಟಲು ಬೇಡವಾದರೆ ನಿನಗೆ ಅವಳ ಹಂಗು ಯಾಕೆ? ಗೇಟಿನ ಹತ್ತಿರ ನಗುತ್ತಾಳಂತೆ, ನಿನ್ನನ್ನು ನೋಡಿಯೇ ನಗುವುದು.

ಮೇಜಿನ ವಿಷಯ ಮತ್ತೆ ಕೇಳಬೇಡ. ಮೇಜಿನಲ್ಲಿ ಏನೂ ಇಲ್ಲ.

ನನಗೆ ಕೆಲಸ ಜಾಸ್ತಿ. ಚುಟುಕಾಗಿ ಬರೆದೆ ಅಂತ ಅಳಬೇಡ.

ಉ.

*

ಜುಲೈ 6

ಉದ್ದಕ್ಕ,

ಹೇಳಿದೆ. ಹೇಳಿದೆ ಅನ್ನುವುದೂ ಸುಳ್ಳು. ಸೂಪರ್‌ವೈಸರ್ "ಏನು, ಬೇಡ್ವಾ?" ಅಂದ, ನಾನು ಹೌದು ಅಂತ ತಲೆ ಆಡಿಸಿದೆ. ಒಬ್ಬರನ್ನು ಎತ್ತಿ ಆಚೆ ಇಡಲು ಅಷ್ಟು ಸಾಕಾಯಿತು.

ಅವಳು ಮೇಜಿನಿಂದ ಹಿಂದೆ ಸರಿದಳು. ಏಪ್ರನ್ ಬಿಚ್ಚಿ, ಒಬ್ಬಳೇ ನಿಂತು, ಗಲ್ಲದ ಕೆಳಗೆ ಒತ್ತಿಹಿಡಿದು ಚೊಕ್ಕವಾಗಿ ಮಡಿಸಿದಳು. ಮೊಳೆಯಿಂದ ಲೋಟ ತೆಗೆದುಕೊಂಡಳು. ನನ್ನನ್ನು ದಾಟುವಾಗ, "ನಿಮ್ಮ ಅಕ್ಕನ ಜಾಗ ಖಾಲಿ ಮಾಡಿದೀನಿ" ಅಂದಳು. ಅದು ನಿನ್ನ ಮೊಳೆ ಅಂತ ಅವಳಿಗೆ ಯಾರೋ ಹೇಳಿದ್ದಾರೆ. ನಾನಂತೂ ಹೇಳಿರಲಿಲ್ಲ.

ಈಗ ನನ್ನ ಜೋಡಿ ನಿನ್ನ ಹಳೆಯ ಶತ್ರು, ಚಾಡಿಬುರುಕಿ. ಕೈ ಹಿಡಿದು ಹಿಡಿದು ಮಾತಾಡುತ್ತಾಳೆ. ಮೇಜಿನ ಬೆಟ್ಟ ಕರಗಿದೆ. ಎಲ್ಲರೂ ನನ್ನ ಬೆನ್ನು ತಟ್ಟುತ್ತಾರೆ. ತಾತ ಮಾತ್ರ ಪೆಟ್ಟಿಗೆಯಿಂದ ಕಣ್ಣು ಎತ್ತಲಿಲ್ಲ. "ಬಾಯಿ ಬಿಡದೋಳು ಬಿಟ್ಟಿದ್ದು ಇದಕ್ಕೇನಾ?" ಅಂದ, ಅಷ್ಟೇ.

ಅಕ್ಕ, ನಿನಗೆ ಒಂದು ವಿಷಯ ಬರೆದಿರಲಿಲ್ಲ. ಅದು ದೊಡ್ಡದಲ್ಲ ಅಂದುಕೊಂಡಿದ್ದೆ. ಈಗ ಬೇರೆ ಏನೂ ತಲೆಯಲ್ಲಿ ನಿಲ್ಲುತ್ತಿಲ್ಲ.

ಮೊದಲ ದಿನ, ಮೊದಲ ಬೆಡ್‌ಶೀಟ್. ಅರ್ಧ ಮಾಡಿದ ಮೇಲೆ ಅವಳು ತುದಿ ಹಿಡಿದುಕೊಂಡು ನನ್ನನ್ನು ಕೇಳಿದಳು, "ನೀವು ಬರ್ತೀರೋ, ನಾನು ಬರ್ಲೋ?"

ಇಬ್ಬರೂ ಒಂದೇ ಎತ್ತರ, ಯಾರು ನಡೆಯಬೇಕು ಅಂತ ಕೇಳಿದ್ದು. ಸರಿಯಾದ ಪ್ರಶ್ನೆಯೇ. ಆದರೆ ಕೋಣೆಯಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನನ್ನ ನಾಲಗೆ ಏಳಲಿಲ್ಲ. ನಿನಗೆ ಗೊತ್ತು ನಾನು ಹೇಗೆ ಅಂತ. ನೆಲ ನೋಡುತ್ತಾ ನಿಂತೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ತುದಿಗಳನ್ನು ಮೇಜಿನ ಮೇಲೆ ಇಟ್ಟು ಹಿಂದೆ ಸರಿದಳು.

ಇಷ್ಟೇ ನಡೆದದ್ದು. ಇದನ್ನು ಅವಳು ಹೇಗೆ ತೆಗೆದುಕೊಂಡಿರಬಹುದು? ಬೇಗ ಬರೆ. ಏನಾದರೂ ಬರೆ, ಬೈದಾದರೂ ಬರೆ.

ಪಿಸು

*

ಜುಲೈ 19

ಉದ್ದಕ್ಕ,

ನಿನ್ನ ಕಾಗದ ಬರಲಿಲ್ಲ. ಅಂಚೆಯವನನ್ನು ಬೀದಿಯ ತುದಿಯಲ್ಲೇ ಹಿಡಿದು ಕೇಳುತ್ತೇನೆ. ಕೇಳುವುದು ಅಂದರೆ ಎದುರಿಗೆ ನಿಲ್ಲುತ್ತೇನೆ, ಅವನೇ ತಲೆ ಅಲ್ಲಾಡಿಸುತ್ತಾನೆ. "ಮದುವೆ ಗಂಡಿನ ಕಾಗದಾನಾ?" ಅಂತ ಛೇಡಿಸಿದ. ಅದು ಅಮ್ಮನ ಕಿವಿಗೂ ಬಿದ್ದು, ಮನೆಯಲ್ಲಿ ಅದೊಂದು ದೊಡ್ಡ ಕಥೆಯಾಯಿತು.

ಫೋನ್ ಮಾಡಿದೆ. ಹೌದು, ನಾನೇ. ರಿಂಗ್ ಆಯಿತು, ನೀನು ಎತ್ತಲಿಲ್ಲ. ಎತ್ತದಿದ್ದದ್ದು ಒಳ್ಳೆಯದಾಯಿತು ಅಂತಲೂ ಅನ್ನಿಸಿತು. ಆರನೇ ಮಹಡಿಯಲ್ಲಿ ಎಲ್ಲ ಸರಿಯಾಗಿದೆಯಾ?

ಅವಳನ್ನು ದೂರದಿಂದ ನೋಡುತ್ತೇನೆ. ಕೊಳೆ ಕೋಣೆಯಲ್ಲೂ ಅವಳ ಮೇಲೆ ದೂರು ಶುರುವಾಗಿದೆಯಂತೆ.

ಪಿಸು

*

ಜುಲೈ 30

ಪಿಸು,

ನಾನು ಬರೆಯಲಿಲ್ಲ ಅಂತಲ್ಲ. ಬರೆದು ಬರೆದು ಹರಿದೆ. ಯಜಮಾನರು "ಕಾಗದ ತಿನ್ನೋ ರೋಗ ಬಂತಾ?" ಅಂದರು.

ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಗೊತ್ತಾಗಿತ್ತು, ಅವಳು ತುದಿಗಳನ್ನು ಮೇಜಿನ ಮೇಲೆ ಯಾಕೆ ಇಡುತ್ತಾಳೆ ಅಂತ. ಅವತ್ತು ಬೆಳಿಗ್ಗೆ ನಾನೂ ಇಟ್ಟು ಬಂದಿದ್ದೆ.

ಮಡಿಸುವ ಯಂತ್ರ ಇದೆ, ಅದು ನಿಜ. ಆದರೆ ದೊಡ್ಡ ಕೋಣೆಗಳ ಅಗಲದ ಬೆಡ್‌ಶೀಟ್ ಅದರ ಬಾಯಿಗೆ ಹಿಡಿಸುವುದಿಲ್ಲ. ಅವನ್ನು ಕೈಯಲ್ಲೇ ಮಡಿಸಬೇಕು. ನನಗೆ ಜೋಡಿ ಒಬ್ಬರು ಕನ್ನಡಕದ ಅಮ್ಮ. ಮೊದಲ ದಿನ ನಾನು ನಡೆದು ಹೋದೆ. ಅವರು ಮೇಜು ತೋರಿಸಿ, "ಅಲ್ಲಿಡಮ್ಮ, ನಾನು ತಗೋತೀನಿ" ಅಂದರು. ಮೆತ್ತಗೇ ಅಂದರು. ಬೈದಿದ್ದರೆ ನಾನೂ ಬೈಯಬಹುದಿತ್ತು.

ಇಲ್ಲಿ ನಮ್ಮ ಕಡೆಯಿಂದ ಬಂದವರಿಗೆ "ಕೆಳಗಿನವರು" ಅನ್ನುತ್ತಾರೆ. ಕೆಳಗಿನವರು ಗಲೀಜು, ಕೆಳಗಿನವರ ಬಾಯಿ ಜೋರು, ಕೆಳಗಿನವರ ಕೈ ಸುಮ್ಮನಿರುವುದಿಲ್ಲ. ನಾವು ಹಳಿಯಾಚೆಯವರ ಬಗ್ಗೆ ಆಡುತ್ತಿದ್ದ ಮಾತುಗಳೇ ಕಣೇ, ಒಂದೇ ಅಂಗಡಿಯಿಂದ ತಂದ ಹಾಗೆ. ಬೀಗದ ಕಪಾಟು ಅಂತ ಬರೆದೆನಲ್ಲ, ಅಂಥದ್ದೇನೂ ಇಲ್ಲ. ಲೋಟ ನನ್ನ ಕೈಚೀಲದಲ್ಲಿ ಇರುತ್ತದೆ. ಕಿಟಕಿ ಪಕ್ಕ ಒಬ್ಬಳೇ ಕೂರುತ್ತೇನೆ ಅಂದೆನಲ್ಲ, ನಾನು ಬೆಂಚಿನ ಮೇಲೆ ಕೂತರೆ ಉಳಿದವರು ಎದ್ದು ಹೋಗುತ್ತಾರೆ.

ನಾನೂ ಕೈ ಒರೆಸಿಕೊಳ್ಳುತ್ತೇನೆ, ಪಿಸು. ಪ್ರತಿ ಬಟ್ಟೆಗೂ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಾರೆ, ಅದಕ್ಕೆ. ಅವಳು ಒರೆಸಿಕೊಳ್ಳುತ್ತಿದ್ದದ್ದೂ ಅದಕ್ಕೇ, ನಿನ್ನ ಮೇಲಿನ ಅಸಹ್ಯಕ್ಕಲ್ಲ. ನಿನ್ನ ಕೈ ತಾಗಿದಾಗ ಕಿತ್ತುಕೊಂಡಳು ಅಂದೆಯಲ್ಲ, ನೀನು ಕೂಗಿಕೊಳ್ಳುತ್ತೀಯೇನೋ ಅಂತ ಹೆದರಿಕೊಂಡಳು.

ಮತ್ತೆ ಯಾಕೆ ಸೂಪರ್‌ವೈಸರ್‌ಗೆ ಹೇಳು ಅಂದೆ? ಇದನ್ನು ಬರೆಯಲಾಗದೇ ಹರಿದದ್ದು. ಇಲ್ಲಿ ಇಡೀ ದಿನ ನಾನು ಆಚೆಯವಳು. ಸಂಜೆ ಮನೆಗೆ ಬಂದು ನಿನ್ನ ಕಾಗದ ಓದಿದರೆ, ಅಲ್ಲಾದರೂ ನಾನು ಒಳಗಿನವಳು, ಬೇಡ ಅನ್ನುವವರ ಕಡೆಯವಳು. ಆ ಸಣ್ಣ ಜಾಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನನ್ನ ಮೊಳೆ ಅಂತ ಕೂಗಾಡಿದ್ದೂ ಅದಕ್ಕೇ.

ಅವಳು ನಿನ್ನನ್ನು ಕೇಳಿದಳಲ್ಲ, "ನೀವು ಬರ್ತೀರೋ, ನಾನು ಬರ್ಲೋ" ಅಂತ. ನೀನು ನಾಚಿಕೆಯಿಂದ ಸುಮ್ಮನಾದೆ. ಅದು ನಿನಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಇದುವರೆಗೆ ನೋಡಿದ ಮೌನಗಳೆಲ್ಲ ಒಂದೇ ಥರದವು.

ಈ ಕಾಗದ ತಲುಪುವಷ್ಟರಲ್ಲಿ ಅವಳು ಅಲ್ಲಿ ಇರುತ್ತಾಳೋ ಇಲ್ಲವೋ. ಇದ್ದರೆ ಏನಾದರೂ ಮಾಡು. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈ.

ಉದ್ದಕ್ಕ

*

ಆಗಸ್ಟ್ 9

ಅಕ್ಕ,

ಬೈಯಲು ಪುರುಸೊತ್ತಿಲ್ಲ. ಕೇಳು.

ನಿನ್ನ ಕಾಗದವನ್ನು ಬೀದಿಯಲ್ಲೇ ನಿಂತು ಓದಿದೆ. ನೇರ ಲಾಂಡ್ರಿಗೆ ಹೋಗಿ ಸೂಪರ್‌ವೈಸರ್ ಎದುರು ನಿಂತೆ. ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಎರಡನೇ ಸಲಕ್ಕೆ ಬಂತು. "ತಪ್ಪು ನಂದು. ಅವಳನ್ನ ವಾಪಸ್ ಹಾಕಿ" ಅಂದೆ.

ಅವನು ನಕ್ಕ. "ಏನಮ್ಮಾ ತಾಯಿ, ಇದೇನು ನಿಮ್ಮನೆ ಅಡುಗೆಮನೇನಾ? ಮೊನ್ನೆ ಬೇಡ, ಇವತ್ತು ಬೇಕು! ಆ ಜಾಗಕ್ಕೆ ಆಗ್ಲೇ ಹಾಕಾಯ್ತು. ಅಲ್ಲೂ ಅವಳ ಪಕ್ಕ ನಿಲ್ಲಲ್ಲ ಅಂತಿದ್ದಾರೆ. ಈ ವಾರ ನೋಡಿ ಕಳಿಸಿಬಿಡ್ತೀನಿ."

"ನಾನು ನಿಲ್ತೀನಿ."

"ಎಲ್ಲಿ?"

"ಅಲ್ಲಿ. ಅವಳ ಪಕ್ಕ."

ಕೊಳೆ ಕೋಣೆಗೆ ಯಾರೂ ತಾವಾಗಿ ಹೋಗುವುದಿಲ್ಲ. ಅವನು ನನ್ನನ್ನು ಹುಚ್ಚಿ ಅನ್ನುವ ಹಾಗೆ ನೋಡಿ, "ಹೋಗು, ನನಗೇನು" ಅಂದ. ಚಾಡಿಬುರುಕಿ ಬೆರಳನ್ನು ತಲೆಯ ಹತ್ತಿರ ತಿರುಗಿಸಿ ತೋರಿಸಿದಳು. ಮನೆಯಲ್ಲಿ ಅಮ್ಮ ಮೂರು ದಿನ ಮಾತು ಬಿಟ್ಟಳು. ನನಗೆ ಮಾತು ಬಿಟ್ಟರೆ ಏನು ಕಷ್ಟ, ಹೇಳು.

ಅವಳು ಮೂಟೆ ಬಿಚ್ಚುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ನಾನು ಬರ್ತೀನಿ" ಅಂದೆ.

"ಎಲ್ಲಿಗೆ?"

"ಅವತ್ತು ಕೇಳಿದ್ರಲ್ಲ, ನೀವು ಬರ್ತೀರೋ ನಾನು ಬರ್ಲೋ ಅಂತ. ನಾನು ಬರ್ತೀನಿ. ನಂಗೆ ಅವತ್ತು ಮಾತು ಹೊರಡಲಿಲ್ಲ. ಯಾರ ಹತ್ರಾನೂ ಹೊರಡಲ್ಲ."

ಅವಳು ಮೂಟೆಯ ಹಗ್ಗ ಕೈಯಲ್ಲೇ ಹಿಡಿದು ನನ್ನತ್ತ ತಿರುಗಿದಳು. ನಗಲಿಲ್ಲ. "ಇಷ್ಟು ದಿನ ಬೇಕಾಯ್ತಾ ಅಷ್ಟು ಹೇಳೋಕೆ?" ಅಂದಳು. ಆಮೇಲೆ, "ಇಲ್ಲಿ ಮಡಿಸೋಕೆ ಏನೂ ಇಲ್ಲ. ಗ್ಲೌಸ್ ಹಾಕ್ಕೊಳ್ಳಿ" ಅಂದಳು.

ಅವಳು ಕ್ಷಮಿಸಿದ್ದಾಳೆ ಅಂತ ನಿನಗೆ ಬರೆದರೆ ಸುಳ್ಳಾಗುತ್ತದೆ. ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತೇವೆ, ಮಾತು ಕಡಿಮೆ. ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ ಬಾಗಿಲ ಕಡೆ ಕೈ ತೋರಿಸುತ್ತಾಳೆ, ಹೋಗಿ ಬಾ ಅಂತ. ಪಕ್ಕದಲ್ಲಿ ಒಬ್ಬರು ನಿಂತ ಮೇಲೆ ದೂರು ಹೇಳುವವರ ಬಾಯಿ ಸ್ವಲ್ಪ ತಣ್ಣಗಾಗಿದೆ. ಈ ವಾರ ಅವಳನ್ನು ಕಳಿಸಲಿಲ್ಲ. ಮುಂದಿನ ವಾರದ್ದು ಗೊತ್ತಿಲ್ಲ.

ಆದರೆ ಮಡಿಸಲು ಏನೂ ಇಲ್ಲ ಅಂದಳಲ್ಲ, ಒಂದು ಇದೆ. ಮೂಟೆಗಳ ಗಾಡಿಯ ಮೇಲೆ ಹೊದಿಸುವ ದಪ್ಪ ಕ್ಯಾನ್ವಾಸು. ಸಂಜೆ ಎಲ್ಲ ತೊಳೆದು, ಗ್ಲೌಸ್ ತೆಗೆದು, ಕೊನೆಗೆ ಅದನ್ನು ಮಡಿಸಿಡಬೇಕು. ಇಷ್ಟು ದಿನ ಅವಳೊಬ್ಬಳೇ ನೆಲದ ಮೇಲೆ ಹಾಸಿ ಮಂಡಿಯೂರಿ ಮಡಿಸುತ್ತಿದ್ದಳಂತೆ. ನಿನ್ನೆ ನಾನು ಎರಡು ತುದಿ ಹಿಡಿದು ನಿಂತೆ. ಅವಳೂ ಹಿಡಿದಳು. ಎಳೆದೆವು, ಒದರಿದೆವು, ಅರ್ಧ ಮಾಡಿದೆವು. ಅಲ್ಲಿ ಮೇಜು ಇಲ್ಲ. ನಾನು ನಡೆದೆ.

ತುದಿ ತೆಗೆದುಕೊಳ್ಳುವ ಮೊದಲು ಅವಳು ಏಪ್ರನ್‌ಗೆ ಒಂದು ಕೈ, ಆಮೇಲೆ ಇನ್ನೊಂದು ಕೈ ಒರೆಸಿಕೊಂಡಳು. ಅಭ್ಯಾಸ. ನಾನೂ ಒರೆಸಿಕೊಂಡೆ. ಅವಳಿಗೆ ನಗು ಬಂತು. ಮುಖ ಆಚೆ ತಿರುಗಿಸಿಕೊಂಡಳು, ಆದರೂ ಬಂತು. ಆಮೇಲೆ ನನ್ನ ಬೆರಳುಗಳಿಂದ ತುದಿಗಳನ್ನು ತೆಗೆದುಕೊಂಡಳು.

ಅಕ್ಕ, ನೀನೂ ಮೇಜಿನ ಮೇಲೆ ಇಡಬೇಡ.

ನಿನ್ನ
ಪಿಸು

*

ಆಗಸ್ಟ್ 18

ಪಿಸು,

ಇಡಲಿಲ್ಲ.

ಊಟದ ಗಂಟೆಗೆ ಸ್ವಲ್ಪ ಮುಂಚೆ, ಇವತ್ತಿನ ಮೊದಲ ಅಗಲದ ಬೆಡ್‌ಶೀಟ್. ಅರ್ಧ ಮಾಡಿದೆವು. ಕನ್ನಡಕದ ಅಮ್ಮ ಗಲ್ಲದಿಂದಲೇ ಮೇಜಿನ ಕಡೆ ಸನ್ನೆ ಮಾಡಿದರು. ನಾನು ತುದಿ ಹಿಡಿದುಕೊಂಡೇ ನಿಂತೆ. "ಇಡಮ್ಮ" ಅಂದರು. ನನ್ನ ಬಾಯಿಂದ, ನಾನು ಬೇಡ ಅಂದರೂ ಕೇಳದೆ, ಹಳೆಯ ಅಭ್ಯಾಸದಲ್ಲಿ ಹೊರಟೇಹೋಯಿತು: "ಬಾ!"

ನಿನ್ನನ್ನು ಕರೆಯುತ್ತಿದ್ದೆನಲ್ಲ, ಅದೇ ಗಂಟಲು. ಇಡೀ ಲಾಂಡ್ರಿ ತಿರುಗಿ ನೋಡಿತು. ನನ್ನ ಅಮ್ಮನ ವಯಸ್ಸಿನವರು, ಬನ್ನಿ ಅನ್ನಬೇಕಿತ್ತು! ನಾಲಗೆ ಕಚ್ಚಿಕೊಂಡೆ. ಆದರೆ ತುದಿ ಬಿಡಲಿಲ್ಲ.

ಅವರು ಬರಲಿಲ್ಲ. ಕೆಂಪಾದರು. ಆ ಕಡೆಯಿಂದ ಯಾರೋ "ಕೆಳಗಿನವರ ಗತ್ತು ನೋಡು" ಅಂದರು. ನಾನು ನಿಂತೇ ಇದ್ದೆ. ಒಂದು ತುದಿಯಲ್ಲಿ ಅವರು, ಒಂದು ತುದಿಯಲ್ಲಿ ನಾನು, ನಡುವೆ ಅಷ್ಟಗಲದ ಬಿಳಿ ಬಟ್ಟೆ. ಒದ್ದೆ ಇನ್ನೂ ಪೂರ್ತಿ ಆರಿರಲಿಲ್ಲ, ಭಾರ. ತೋಳು ನಡುಗತೊಡಗಿತು. ಆಮೇಲೆ ನೋಡುತ್ತೇನೆ, ಅವರ ತೋಳೂ ನಡುಗುತ್ತಿದೆ.

ಅವರು ಬಿಟ್ಟುಬಿಡಬಹುದಿತ್ತು, ಪಿಸು. ಬಟ್ಟೆ ನೆಲಕ್ಕೆ ಬೀಳುತ್ತಿತ್ತು, ತಪ್ಪು ನನ್ನ ತಲೆಗೆ ಬರುತ್ತಿತ್ತು. ಬಿಡಲಿಲ್ಲ. ಊಟದ ಗಂಟೆ ಹೊಡೆಯುವವರೆಗೂ ಬಿಡಲಿಲ್ಲ. ಗಂಟೆ ಹೊಡೆದ ಮೇಲೆ ನನ್ನನ್ನು ನೋಡಿ, "ತೋಳು ನೋಯಲ್ವಾ ನಿಂಗೆ?" ಅಂದರು. ಇಷ್ಟು ದಿನಗಳಲ್ಲಿ ಬಟ್ಟೆಯದಲ್ಲದ ಒಂದು ಮಾತು ಅವರು ನನ್ನ ಜೊತೆ ಆಡಿದ್ದು ಅದೇ ಮೊದಲು.

"ನೋಯುತ್ತೆ" ಅಂದೆ.

ಪೆನ್ನು ಹಿಡಿಯಲೂ ಆಗುತ್ತಿಲ್ಲ, ಅದಕ್ಕೇ ಅಕ್ಷರ ಹೀಗೆ. ನಾಳೆ ಮತ್ತೆ ಅದೇ ಬೆಡ್‌ಶೀಟ್‌ಗಳು. ನಾಳೆ "ಬನ್ನಿ" ಅನ್ನುತ್ತೇನೆ.

ನನ್ನ ಮೊಳೆ ಅವಳಿಗೆ ಕೊಡು.

ಉದ್ದಕ್ಕ